ಅರ ತಾಗಿದ ಬಿಲ್ಲೆ

ನನ್ನ ತಂಗಿ ಹಗ್ಗದ ಆಚೆ ನಿಂತಿದ್ದಾಗ ನಾನು ನಿಜ ಹೇಳಲಿಲ್ಲ. ಹೇಳಬೇಕಾಗಿದ್ದದ್ದು ಎರಡೇ ಮಾತು. ಹೇಳಿದ್ದರೆ ಅವಳು ಈಚೆ ಬರುತ್ತಿದ್ದಳೋ ಇಲ್ಲವೋ ಗೊತ್ತಿಲ್ಲ. ಬರುತ್ತಿದ್ದಳು ಎಂದುಕೊಳ್ಳಲು ಧೈರ್ಯವಿಲ್ಲ, ಬರುತ್ತಿರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಆದರೆ ಅವಳ ಮಾವನ ತಲೆಯ ಮೇಲೆ ಮೋಸಗಾರನೆಂಬ ಹೊರೆ ಬೀಳುತ್ತಿರಲಿಲ್ಲ. ಅದು ಮಾತ್ರ ಖಂಡಿತ.

ನಾವು ನಾಗಮಂಗಲದ ಕಂಚುಗಾರರು. ಗಂಟೆ, ತಟ್ಟೆ, ದೀಪದ ಕಂಬ, ಎತ್ತಿನ ಕೊರಳಿಗೆ ಕಟ್ಟುವ ಗೆಜ್ಜೆ, ಇವು ನಮ್ಮ ಕೆಲಸ. ಅಪ್ಪ ನನ್ನನ್ನು ಎರಡು ಮಳೆಗಾಲ ಕೂಲಿಮಠಕ್ಕೆ ಕಳಿಸಿದ್ದ. ಮರಳಿನ ಮೇಲೆ ಬೆರಳಲ್ಲಿ ತಿದ್ದಿದ್ದಷ್ಟೇ ನನ್ನ ಓದು. ಎರಕ ಹೊಯ್ಯುವಾಗ ಇನ್ನೊಂದು ಕೈ ಬೇಕಾಯಿತೆಂದು ಬಿಡಿಸಿಬಿಟ್ಟ. ಅದರಿಂದ ನನಗೆ ಬೇಸರವೇನೂ ಆಗಿರಲಿಲ್ಲ. ಮೂಸೆಯಲ್ಲಿ ಕಂಚು ಕರಗಿ ಕೆಂಡದ ಬಣ್ಣಕ್ಕೆ ಬರುವುದನ್ನು ನೋಡುವುದು ಅಕ್ಷರ ನೋಡುವುದಕ್ಕಿಂತ ನನಗೆ ಇಷ್ಟವಾಗಿತ್ತು.

ಅಪ್ಪನಿಗೆ ಒಂದು ಹಟವಿತ್ತು. ಅಚ್ಚಿನಿಂದ ಬಿಡಿಸಿದ ಸಾಮಾನಿನ ಅಂಚು ಒರಟಾಗಿ ಎದ್ದಿರುತ್ತದೆ. ಅದನ್ನು ಅರ ಹಾಕಿ ಉಜ್ಜಿ ನಯ ಮಾಡದೆ ಒಂದು ಗೆಜ್ಜೆಯೂ ನಮ್ಮ ಅಂಗಳ ದಾಟುವ ಹಾಗಿರಲಿಲ್ಲ. ಕೊಳ್ಳುವವರು ಅವಸರ ಮಾಡಿದರೆ, ಬೇಕಾದರೆ ಬೇರೆ ಮನೆಗೆ ಹೋಗಿ ಎನ್ನುತ್ತಿದ್ದ. ಕೊನೆಯ ಪರೀಕ್ಷೆ ನನ್ನ ತಂಗಿಯದು. ನನಗಿಂತ ಆರು ವರ್ಷ ಚಿಕ್ಕವಳು, ತಿದಿ ಒತ್ತುವ ಕೆಲಸ ಅವಳದಾಗಿತ್ತು. ಕೆಲಸ ಮುಗಿದ ಮೇಲೆ ಒಂದೊಂದು ಸಾಮಾನನ್ನೂ ಎತ್ತಿಕೊಂಡು ಅಂಚಿನ ಸುತ್ತ ಹೆಬ್ಬೆರಳು ಆಡಿಸುತ್ತಿದ್ದಳು. ಎಲ್ಲಾದರೂ ತಾಗಿದರೆ ನನ್ನ ಮುಂದೆ ಇಟ್ಟು ಹೋಗುತ್ತಿದ್ದಳು. ನಾನು ಎಡಗೈಯವನು, ನನ್ನ ಅರದ ಗೀರು ಓರೆಯಾಗಿ ಬೀಳುತ್ತದೆ. ಅಪ್ಪನದು ನೇರ. ಯಾವುದು ಯಾರ ಕೆಲಸ ಎಂದು ಅವಳು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು.

ಅವಳನ್ನು ಕೊಡಗಿನ ಅಂಚಿನ ಒಂದು ಹಳ್ಳಿಗೆ ಕೊಟ್ಟೆವು. ಗಂಡಿನ ಮನೆಯವರು ನಮ್ಮವರೇ, ಮರಗೆಲಸದವರು. ಅವರ ಯಜಮಾನ, ಎಂದರೆ ತಂಗಿಯ ಮಾವ, ಬಾಗಿಲು ಕೆತ್ತುವುದರಲ್ಲಿ ಆ ಸೀಮೆಗೆಲ್ಲ ಹೆಸರಾದವರು. ಬಾಗಿಲಿಗೆ ಹೊಡೆಯುವ ಕಂಚಿನ ಹೂವು ಕೊಳ್ಳಲು ನಮ್ಮ ಮನೆಗೆ ಬರುತ್ತಿದ್ದರು, ಹಾಗೆ ನೆಂಟಸ್ತಿಕೆ ಬೆಳೆಯಿತು. ಅವ್ವ ದೂರ ಎಂದಳು. ಎತ್ತು ಗಟ್ಟಿಯಾಗಿದ್ದರೆ ನಾಲ್ಕು ದಿನ ಯಾವ ದೂರ ಎಂದು ಅಪ್ಪ ನಕ್ಕ. ಅವನ ಮಾತು ತಪ್ಪಲ್ಲ. ಆಗ ನಾಗಮಂಗಲದಿಂದ ಅವರ ಊರಿನವರೆಗೆ ಎಲ್ಲಾ ಒಂದೇ ಸರ್ಕಾರದ ಕೆಳಗಿತ್ತು. ದಾರಿಯಲ್ಲಿ ನದಿ ಹಳ್ಳ ಇದ್ದವೇ ಹೊರತು ಗಡಿ ಎಂಬುದು ಇರಲಿಲ್ಲ.

ಅವಳು ದೊಡ್ಡವಳಾಗಿ ಗಂಡನ ಮನೆಗೆ ಹೋದ ಮರುವರ್ಷ ಯುದ್ಧ ಬಂತು. ದಂಡುಗಳು ನಮ್ಮ ಊರಿನ ಮೇಲೆ ಹಾದುಹೋದವು. ನಾಗಮಂಗಲ ಉರಿಯಿತು. ಕುರುಚಲು ಕಾಡಿನಲ್ಲಿ ಬಚ್ಚಿಟ್ಟುಕೊಂಡಿದ್ದಾಗ ಅಪ್ಪ ಜ್ವರದಲ್ಲಿ ತೀರಿಹೋದ. ನಾನೂ ಅವ್ವನೂ ಒಂದು ಮೂಸೆ, ಎರಡು ಅರ, ಒಂದು ಇಕ್ಕಳ ಹೊತ್ತುಕೊಂಡು ಸಿಂಧಘಟ್ಟಕ್ಕೆ ಬಂದೆವು. ಅಲ್ಲಿ ಸೋದರಮಾವನಿಗೆ ಕುಲುಮೆ ಇತ್ತು. ನೇಗಿಲಿನ ಗುಳ ಬಡಿಯುವ ಜಾಗದ ಒಂದು ಮೂಲೆಯಲ್ಲಿ ನಾನು ಎರಕ ಹೊಯ್ಯಲು ಶುರು ಮಾಡಿದೆ.

ಯುದ್ಧ ನಿಂತ ಮೇಲೆ ನೆಲ ಹಂಚಿಕೆಯಾಯಿತು. ತಂಗಿಯ ಊರು ಬೇರೆ ಸರ್ಕಾರದ್ದಾಯಿತು. ಇದು ನಮಗೆ ಗೊತ್ತಾದದ್ದು ಅತ್ತಿಕುಪ್ಪೆಯ ಸಂತೆಯಲ್ಲಿ, ಮೆಣಸು ಹೇರಿಕೊಂಡು ಬರುತ್ತಿದ್ದ ಎತ್ತಿನವರು ಬರುವುದು ನಿಂತಾಗ.

ಆ ದಿನಗಳಲ್ಲಿ ಜನ ನಿಂತ ಕಡೆ ನಿಲ್ಲುತ್ತಿರಲಿಲ್ಲ. ಈ ಕಡೆಯ ಒಕ್ಕಲು ಕಂದಾಯಕ್ಕೂ ಬಿಟ್ಟಿ ದುಡಿಮೆಗೂ ಹೆದರಿ ಆ ಕಡೆ ಓಡುತ್ತಿತ್ತು. ಆ ಕಡೆಯಿಂದ ಹಿಂದೆ ಸೆರೆಯಾಗಿ ಬಂದವರು ತಮ್ಮ ಊರು ಹುಡುಕಿಕೊಂಡು ವಾಪಸು ಓಡುತ್ತಿದ್ದರು. ಎರಡೂ ಕಡೆ ಹೊಲ ಪಾಳು ಬಿತ್ತು. ಎರಡು ಸರ್ಕಾರಗಳಿಗೂ ಒಂದನ್ನು ಕಂಡರೆ ಇನ್ನೊಂದಕ್ಕೆ ಆಗುತ್ತಿರಲಿಲ್ಲ, ಆದರೂ ಈ ಒಂದು ವಿಷಯದಲ್ಲಿ ಅವರಿಗೆ ಹೊಂದಿಕೆಯಾಯಿತು. ಗಡಿಯ ಹೊಳೆಯ ಎರಡು ದಡದಲ್ಲೂ ಕಾವಲಿಗೆ ಉಕ್ಕಡ ಇಟ್ಟರು, ದಾಟಲು ಅಪ್ಪಣೆಯ ಗುರುತೆಂದು ಕಂಚಿನ ಬಿಲ್ಲೆ ಮಾಡಿದರು. ಬಿಲ್ಲೆ ಇಲ್ಲದೆ ದಾಟಿದವನನ್ನು ಯಾವ ಕಡೆಯವರು ಹಿಡಿದರೂ ಅವನ ಕಡೆಯವರಿಗೆ ಒಪ್ಪಿಸಬೇಕು. ಸುಳ್ಳು ಬಿಲ್ಲೆ ತಂದವರನ್ನು ಹಿಂದಕ್ಕೆ ಕಳಿಸಿ ಆ ಕಡೆಗೆ ಸುದ್ದಿ ಕೊಡಬೇಕು. ಬಿಲ್ಲೆಯನ್ನು ಕೆಡಿಸಿದವನು ಯಾವ ಕಡೆ ಇದ್ದಾನೋ ಆ ಕಡೆಯವರು ಅವನನ್ನು ಹಿಡಿದು ದಂಡಿಸಬೇಕು. ಇದಿಷ್ಟು ಅವರ ಒಪ್ಪಂದ.

ಬಿಲ್ಲೆ ಹೊಯ್ಯಲು ಸುತ್ತಿನ ಸೀಮೆಯ ಕಂಚುಗಾರರನ್ನು ಪಟ್ಟಣಕ್ಕೆ ಕರೆಸಿದರು. ನಾನೂ ಹೋದೆ. ಹಿರೋಡೆಯ ಮೇಲೆ ಹಾದು, ಹೊಳೆ ದಾಟಿ, ಶ್ರೀರಂಗಪಟ್ಟಣದ ಕೋಟೆಯೊಳಗೆ ಹೋದರೆ ನೀರಿನ ಕಡೆಗೆ ಒಂದು ಉದ್ದನೆಯ ಕೊಟ್ಟಿಗೆ. ಐದಾರು ಜನ ಎರಕದವರು, ಮೇಲೆ ಒಬ್ಬ ಗುಮಾಸ್ತ. ಅಂಗೈ ಅಗಲದ ದುಂಡು ಬಿಲ್ಲೆ, ನಡುವೆ ಒಂದು ಗೀರು. ತಣ್ಣಗಾದ ಮೇಲೆ ಗೀರಿನ ಮೇಲೆ ಉಳಿ ಇಟ್ಟು ಒಂದು ಏಟು ಕೊಟ್ಟರೆ ಎರಡು ಹೋಳು. ಕಂಚು ಬಾಗುವ ಲೋಹವಲ್ಲ, ಕಲ್ಲಿನ ಹಾಗೆ ಒಡೆಯುತ್ತದೆ. ಎರಡು ಹೋಳಿಗೂ ಗುಮಾಸ್ತ ಒಂದೇ ಗುರುತು ಒತ್ತುತ್ತಿದ್ದ. ಒಂದು ಹೋಳು ಉಕ್ಕಡಕ್ಕೆ, ಇನ್ನೊಂದು ದಾಟುವವರಿಗೆ.

ಅವನು ಮೊದಲ ದಿನವೇ ಹೇಳಿದ್ದ.

“ಏಟಾಕಿ ಮುರೀರಿ. ಕುಯ್ಯಬ್ಯಾಡಿ. ಮುರಿದ ಕಡೆ ಅರ ಆಕಬ್ಯಾಡಿ.”

ಯಾಕೆ ಎಂದು ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ. ಬೇಗ ಬೇಗ ಮುಗಿಯಲಿ ಎಂದು ಹೇಳುತ್ತಾನೆ ಎಂದುಕೊಂಡೆ. ಉಕ್ಕಡದಲ್ಲಿ ಗುರುತು ನೋಡಿ ಬಿಡುತ್ತಾರೆ ಎಂದು ನನ್ನ ತಿಳಿವಳಿಕೆ. ಪಕ್ಕದಲ್ಲಿ ಕೂತಿದ್ದ ಮುದುಕನೊಬ್ಬ ಗೊಣಗಿದ್ದು ಮಾತ್ರ ಚೆನ್ನಾಗಿ ನೆನಪಿದೆ. “ಇಂಥ ಗರಗಸದಂಥ ಅಂಚು ಮಾಡಿ ಕಳಿಸುದ್ರೆ ನಮ್ ಕುಲ ನಗೆಪಾಟ್ಲು ಆಯ್ತದೆ ಕಣ್ಲಾ.” ನಾನು ತಲೆಯಾಡಿಸಿದೆ. ಅವನು ನನ್ನ ಮನಸ್ಸಿನಲ್ಲಿದ್ದುದನ್ನೇ ಹೇಳಿದ್ದ.

ಇದೆಲ್ಲ ಆಗಿ ಎರಡು ವರ್ಷಕ್ಕೆ ತಂಗಿ ಬಸುರಿ ಎಂಬ ಸುದ್ದಿ ಬಂತು. ಚೊಚ್ಚಲು. ಚೊಚ್ಚಲು ಹೆರಿಗೆ ತವರಿನಲ್ಲೇ ಆಗಬೇಕು, ಕರೆಯಲು ಅಣ್ಣ ಹೋಗಬೇಕು. ಏಳು ತುಂಬುವುದರೊಳಗೆ ಕರೆತರಬೇಕೆಂದು ಅವ್ವ ಹಟ ಹಿಡಿದಳು. ನಾನು ಪಟ್ಟಣಕ್ಕೆ ಹೋಗಿ ಹಳೆಯ ಗುಮಾಸ್ತನ ಮುಂದೆ ಮೂರು ದಿನ ನಿಂತೆ. ನೀನು ಕೆಲಸದಲ್ಲಿ ಮೋಸ ಮಾಡಿದವನಲ್ಲ ಎಂದು ಅವನು ಒಂದು ಬಿಲ್ಲೆಗೆ ಅಪ್ಪಣೆ ಕೊಡಿಸಿದ. ಅಲ್ಲೇ ಒಡೆದು, ಗುರುತು ಒತ್ತಿ, ಒಂದು ಹೋಳನ್ನು ಉಕ್ಕಡಕ್ಕೆ ಹೋಗುವ ಚೀಲಕ್ಕೆ ಹಾಕಿಕೊಂಡು ಇನ್ನೊಂದನ್ನು ನನ್ನ ಕೈಗಿಟ್ಟ. ಅದನ್ನು ತಂಗಿಗೆ ಮುಟ್ಟಿಸಬೇಕು, ಅವಳು ತಂದು ತೋರಿಸಬೇಕು.

ಮಾರನೆಯ ದಿನ ಸಿಂಧಘಟ್ಟದ ಜಗುಲಿಯ ಮೇಲೆ ಕೂತು ಅದನ್ನು ನೋಡಿದೆ. ಮುರಿದ ಕಡೆ ಹಲ್ಲು ಹಲ್ಲಾಗಿ ಎದ್ದಿತ್ತು. ಬಸುರಿ ಹೆಂಗಸು ಮಡಿಲಲ್ಲಿ ಕಟ್ಟಿಕೊಂಡು ಬರಬೇಕಾದದ್ದು ಅದು. ಸೀರೆ ಹರಿಯುತ್ತದೆ, ಕೈಗೆ ಗೀರುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಮನೆಯಲ್ಲಿ ಬಾಗಿಲು ಕೆತ್ತುವ ಯಜಮಾನರಿದ್ದಾರೆ, ಕಂಚುಗಾರರ ಮನೆಯಿಂದ ಇಂಥದ್ದು ಬಂತೇ ಎಂದು ತಿರುಗಿಸಿ ನೋಡುತ್ತಾರೆ. ನನಗೆ ತಡೆಯಲಿಲ್ಲ. ಅರ ತೆಗೆದುಕೊಂಡೆ. ಹೆಚ್ಚು ಹೊತ್ತೇನೂ ಇಲ್ಲ, ಎಲೆ ಅಡಿಕೆ ಹಾಕಿಕೊಂಡು ಉಗಿಯುವಷ್ಟು ಹೊತ್ತು. ಹುಣಸೆಹಣ್ಣು ಹಚ್ಚಿ ಬೆಳಗಿದೆ. ಹೆಬ್ಬೆರಳು ಆಡಿಸಿ ನೋಡಿದೆ, ಎಲ್ಲೂ ತಾಗಲಿಲ್ಲ. ಗುಮಾಸ್ತನ ಮಾತು ನೆನಪಿಗೆ ಬರಲಿಲ್ಲವೇ ಎಂದರೆ, ಬಂತು. ಅದು ಕಾರ್ಖಾನೆಯ ಮಾತು, ಇದು ಮನೆಯ ಸಾಮಾನು ಎಂದುಕೊಂಡೆ.

ಅಪ್ಪಣೆ ಇದ್ದ ಎತ್ತಿನ ವ್ಯಾಪಾರಿಯೊಬ್ಬನ ಕೈಲಿ ಬಿಲ್ಲೆ ಕಳಿಸಿ, ಇಂಥ ಅಮಾವಾಸ್ಯೆಯ ಮೂರನೆಯ ದಿನ ಹೊಳೆಯ ಹತ್ತಿರ ಬರುತ್ತೇನೆ ಎಂದು ಹೇಳಿಸಿದೆ. ಅವ್ವ ಹಳೆಯ ಮೆತ್ತನೆಯ ಸೀರೆಗಳನ್ನೆಲ್ಲ ಒಗೆದು ಮಡಚಿಟ್ಟಳು. ಒಣಶುಂಠಿ ಕುಟ್ಟಿದಳು. ಬಾಣಂತಿಗೆಂದು ಒಂದು ಕೋಣೆಯ ನೆಲ ಸಾರಿಸಿ, ಗಾಳಿ ಬರುವ ಕಿಂಡಿಗೆ ಗೋಣಿ ತುರುಕಿದಳು.

ಬಾಡಿಗೆ ಗಾಡಿಯಲ್ಲಿ ನಾನೊಬ್ಬನೇ ಹೋದೆ. ನಾಲ್ಕನೆಯ ದಿನ ಹೊಳೆ ಮುಟ್ಟಿದೆ. ಬೇಸಿಗೆಯಾದ್ದರಿಂದ ನೀರು ಮೊಳಕಾಲುದ್ದ. ನಡುವೆ ಒಂದು ಮರಳ ದಿಬ್ಬ, ದಿಬ್ಬದ ಮೇಲೆ ಹುಲ್ಲಿನ ಚಪ್ಪರ. ಎರಡು ಉಕ್ಕಡದವರೂ ಸೇರುವುದು ಅಲ್ಲಿ. ಚಪ್ಪರದ ನಡುವೆ ಒಂದು ಹಗ್ಗ ಕಟ್ಟಿದ್ದರು, ಅದೇ ಗಡಿ. ಆ ಹಗ್ಗದ ಮೇಲೆ ಎರಡೂ ಕಡೆಯ ಕಾವಲಿನವರು ತಮ್ಮ ವಲ್ಲಿಬಟ್ಟೆ ಒಣಗಲು ಹಾಕಿದ್ದರು.

ಮೊದಲು ಓಡಿಹೋದವರನ್ನು ಒಪ್ಪಿಸುವ ಕೆಲಸ ನಡೆಯಿತು. ಆಚೆಯವರು ನಾಲ್ಕು ಜನರನ್ನು ಕೊಟ್ಟರು, ಈಚೆಯವರು ಮೂವರನ್ನು. ಎರಡು ಕಡೆಯ ಜಮಾದಾರರೂ ಒಂದೇ ಚಾಪೆಯ ಮೇಲೆ ಹಗ್ಗಕ್ಕೆ ಅತ್ತ ಇತ್ತ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ನಮ್ಮ ಕಡೆಯವನು ತಮಾಷೆಯ ಮನುಷ್ಯ.

“ನಿಮ್ಮ ಅಡಕೆ ಚೆನ್ನಾಗದೆ ಕಣಯ್ಯ, ಜನ ಮಾತ್ರ ಸರಿಯಿಲ್ಲ, ನಿಲ್ಲಾಕಿಲ್ಲ” ಎಂದ. ಆಚೆಯವನು, “ಓಡಿಬತ್ತಾ ಇರೋದು ನಿಮ್ಮೋರೆಯ, ನಮ್ಮೋರಾದ್ರೆ ನಡ್ಕಂಡ್ ಬತ್ತಾರೆ” ಎಂದು ನಕ್ಕ.

ಆಚೆಯಿಂದ ಬಂದ ನಾಲ್ವರಲ್ಲಿ ಒಬ್ಬ ನಡುವಯಸ್ಸಿನವನು. ಹುಟ್ಟಿದ್ದು ಆಚೆ, ಚಿಕ್ಕವನಿದ್ದಾಗ ಸೆರೆಯಾಗಿ ಪಟ್ಟಣಕ್ಕೆ ಬಂದವನಂತೆ. ಈಗ ಊರಿಗೆ ಹೋಗಿದ್ದಾನೆ, ಊರಿನವರು ಗುರುತು ಹಿಡಿದಿಲ್ಲ, ಉಕ್ಕಡದವರು ಹಿಡಿದಿದ್ದಾರೆ. ಯಾಕ್ಲಾ ಓಡೋದೆ ಎಂದು ನಮ್ಮ ಜಮಾದಾರ ಕೇಳಿದ.

“ಓಡೋಗಿರ್ನಿಲ್ಲ ಬುದ್ಧಿ. ಮನೆಗ್ ಓಗಿದ್ದೆ.”

ಇದಕ್ಕೆ ಯಾರೂ ನಗಲಿಲ್ಲ. ಅವನ ಕೈ ಕಟ್ಟಿ ನಮ್ಮ ದಡಕ್ಕೆ ಕರೆದುಕೊಂಡು ಹೋದರು. ನಾನು ಅವನನ್ನು ಹೆಚ್ಚು ನೋಡಲಿಲ್ಲ. ನನ್ನ ಕಣ್ಣು ಆಚೆ ದಡದಲ್ಲಿತ್ತು.

ತಂಗಿ ನೀರಿನಲ್ಲಿ ನಡೆದು ಬಂದಳು. ಒಂದು ಕೈಯಲ್ಲಿ ಸೀರೆ ಎತ್ತಿ ಹಿಡಿದು, ಇನ್ನೊಂದು ಕೈಯನ್ನು ಮಾವನ ಹೆಗಲ ಮೇಲಿಟ್ಟಿದ್ದಳು. ಹೊಟ್ಟೆ ಮುಂದಕ್ಕೆ ಬಂದಿತ್ತು, ಮುಖ ಬಿಸಿಲಿಗೆ ಕೆಂಪಾಗಿತ್ತು. ನಾಲ್ಕು ವರ್ಷದ ಮೇಲೆ ನೋಡುತ್ತಿದ್ದೇನೆ. ಹಗ್ಗದ ಹತ್ತಿರ ಬಂದು, “ಅಣ್ಣಯ್ಯ, ಸೊರಗೋಗಿದ್ದೀಯಲ್ಲ, ಅವ್ವ ಅನ್ನ ಇಕ್ಕಾಕಿಲ್ವಾ” ಎಂದಳು. ಕೈ ಚಾಚಿದರೆ ಸಿಗುತ್ತಿದ್ದಳು. ಮೊದಲು ಬಿಲ್ಲೆ ಎಂದು ಕಾವಲಿನವನು ತಡೆದ.

ನಮ್ಮ ಜಮಾದಾರ ದಾರದಲ್ಲಿ ಪೋಣಿಸಿದ್ದ ಹೋಳುಗಳಲ್ಲಿ ಗುರುತು ನೋಡಿ ಒಂದನ್ನು ಬಿಚ್ಚಿದ. ತಂಗಿ ಮಡಿಲಿನ ಗಂಟು ಬಿಚ್ಚಿ ತನ್ನದನ್ನು ಕೊಟ್ಟಳು. ಗುರುತು ಸರಿಯಾಗಿತ್ತು, ನಾನು ಉಸಿರು ಬಿಟ್ಟೆ. ಆದರೆ ಅವನು ಅಷ್ಟಕ್ಕೆ ಬಿಡಲಿಲ್ಲ. ಎರಡು ಹೋಳನ್ನೂ ಚಾಪೆಯ ಮೇಲೆ ಇಟ್ಟು ಮುರಿದ ಕಡೆಯನ್ನು ಮುರಿದ ಕಡೆಗೆ ಸೇರಿಸಿದ. ಸೇರಲಿಲ್ಲ. ಒಂದು ಕಡೆ ಹಲ್ಲು, ಇನ್ನೊಂದು ಕಡೆ ನಯ. ನಡುವೆ ಉಗುರು ತೂರುವಷ್ಟು ಸಂದು.

ಆಗ ನನಗೆ ತಿಳಿಯಿತು. ಗುರುತು ಯಾರು ಬೇಕಾದರೂ ಒತ್ತಬಹುದು. ಒಡೆದ ಕಂಚಿನ ಹಲ್ಲನ್ನು ಯಾರೂ ಮತ್ತೆ ಮಾಡಲಾರರು. ಹತ್ತಾರು ವರ್ಷ ಕಂಚು ಒಡೆದವನಿಗೆ ಇದು ಹೊಳೆಯದೆ ಹೋಯಿತು.

ಜಮಾದಾರನ ಮುಖದಿಂದ ತಮಾಷೆ ಹೋಯಿತು. ಆ ತಿಂಗಳು ಸುಳ್ಳು ಬಿಲ್ಲೆಗಳು ಸಿಕ್ಕಿದ್ದವಂತೆ. ಆಚೆಯವನಿಗೂ ಎತ್ತಿ ತೋರಿಸಿದ. ಇಬ್ಬರೂ ತಲೆಗೆ ತಲೆ ಸೇರಿಸಿ ನೋಡಿದರು.

“ಯಾರವ್ವ ಇದುಕ್ಕೆ ಅರ ಆಕ್ದೋರು?” ಎಂದು ತಂಗಿಯನ್ನು ಕೇಳಿದ.

ಅವಳು ಹೋಳನ್ನು ಕೈಗೆ ತೆಗೆದುಕೊಂಡಳು. ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು, ಮನೆಯಲ್ಲಿ ಆಡಿಸುತ್ತಿದ್ದ ಹಾಗೆ, ನಿಧಾನವಾಗಿ. ಆಮೇಲೆ ನನ್ನ ಕಡೆ ನೋಡಿದಳು. ಅವಳಿಗೆ ಗೊತ್ತಾಗಿದೆ ಎಂದು ನನಗೆ ಗೊತ್ತಾಯಿತು.

“ನಂಗೊತ್ತಿಲ್ಲ ಬುದ್ಧಿ. ಬಂದಿದ್ದೇ ಇಂಗೆ” ಎಂದಳು.

ಅವನು ನನ್ನ ಕಡೆ ತಿರುಗಿದ. ಯಾರು, ಏನು ಕೆಲಸ ಎಂದು ಕೇಳಿದ. ಕಂಚುಗಾರ ಎಂದೆ. ಅವನ ಹುಬ್ಬು ಮೇಲಕ್ಕೆ ಹೋಯಿತು.

“ನೀನೇನ್ಲಾ ಆಕ್ದೋನು?”

ಬಿಲ್ಲೆ ಕೆಡಿಸಿದ ಕಂಚುಗಾರನೊಬ್ಬನ ಹೆಬ್ಬೆರಳು ತೆಗೆದರು ಎಂದು ಆ ವರ್ಷ ಸಂತೆಗಳಲ್ಲಿ ಮಾತಿತ್ತು. ಕಣ್ಣಾರೆ ಕಂಡವರು ನನಗೆ ಸಿಕ್ಕಿರಲಿಲ್ಲ. ಸುಳ್ಳೇ ಇರಬಹುದು. ನಾನು ಹೋದರೆ ಅವ್ವನನ್ನು ನೋಡುವವರು ಯಾರು ಎಂದು ಆ ಕ್ಷಣ ಯೋಚಿಸಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಆಮೇಲೆ ಕೂಡಿಸಿಕೊಂಡದ್ದು. ಆ ಕ್ಷಣದಲ್ಲಿ ನನ್ನ ಕಣ್ಣ ಮುಂದೆ ಇದ್ದದ್ದು ನನ್ನ ಹೆಬ್ಬೆರಳು ಮಾತ್ರ.

“ನಾನಲ್ಲ ಬುದ್ಧಿ” ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತೇನೋ. “ನಾನು ಕಳಿಸ್ದಾಗ ಮುರಿದ ಕಡೆ ಅಲ್ಲು ಅಂಗೇ ಇತ್ತು” ಎಂದೂ ಸೇರಿಸಿದೆ.

ಹಾಗೆಂದರೆ ಕೆಡಿಸಿದವರು ಆಚೆ ದಡದವರು. ಎಲ್ಲರೂ ತಂಗಿಯ ಮಾವನ ಕಡೆ ತಿರುಗಿದರು. ಅವರ ಸೊಂಟಕ್ಕೆ ಸಿಕ್ಕಿಸಿದ್ದ ಚಿಕ್ಕ ಉಳಿ, ಅರ ಎಲ್ಲರ ಕಣ್ಣಿಗೂ ಬಿತ್ತು. ಮರಗೆಲಸದವರು ಊಟಕ್ಕೆ ಕೂತರೂ ಅದನ್ನು ಬಿಚ್ಚಿಡುವವರಲ್ಲ. ಅವರಿಗೆ ಏನೂ ಅರ್ಥವಾಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಏನೋ ಹೇಳಿ ಸರಿ ಮಾಡುತ್ತೇನೆ ಎಂದು ಕಾಯುತ್ತಿದ್ದವರ ಹಾಗೆ. ಆಚೆಯ ಜಮಾದಾರ ಎದ್ದು ಅವರ ರಟ್ಟೆ ಹಿಡಿದ. ನಮ್ಮವನು ಬಿಲ್ಲೆಯ ಎರಡು ಹೋಳನ್ನೂ ಸಾಕ್ಷಿಗೆಂದು ಅವನ ಕೈಗೆ ಕೊಟ್ಟ. ಒಂದು ಮಾತೂ ಜಗಳವಿಲ್ಲ. ಎರಡು ಸರ್ಕಾರಗಳು ಹಾಗೆ ಒಂದರ ಮಾತನ್ನು ಇನ್ನೊಂದು ನಂಬಿ ನಡೆದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ತಂಗಿ ತಿರುಗಿ ನೀರಿಗಿಳಿದಳು. ಈ ಸಲ ಕೈಯಿಡಲು ಹೆಗಲಿರಲಿಲ್ಲ. ಒಂದು ಸಲವೂ ಹಿಂದಕ್ಕೆ ನೋಡಲಿಲ್ಲ. ಅವಳು ದಡ ಹತ್ತಿ ಮರಗಳ ಹಿಂದೆ ಹೋಗುವವರೆಗೆ ನಾನು ಅಲ್ಲೇ ನಿಂತಿದ್ದೆ. ಕಾವಲಿನವನು, ಇನ್ನೂ ಯಾಕ್ ನಿಂತಿದ್ದೀಯ, ನಡಿಯಪ್ಪ ಎಂದ.

ಖಾಲಿ ಗಾಡಿ ಬಂದದ್ದನ್ನು ಕಂಡು ಅವ್ವ ಬಾಗಿಲಲ್ಲೇ ಕೂತಳು. ಬೀಗರು ಬಿಲ್ಲೆ ಕೆಡಿಸಿಬಿಟ್ಟರು, ಅದಕ್ಕೆ ಬಿಡಲಿಲ್ಲ ಎಂದು ಹೇಳಿದೆ. ಉಕ್ಕಡದಲ್ಲಿ ಹೇಳಿದ ಸುಳ್ಳು ಹೆದರಿಕೆಯದು. ಇದು ಯಾವ ಹೆದರಿಕೆಯೂ ಇಲ್ಲದೆ ನನ್ನ ಮನೆಯ ಬಾಗಿಲಲ್ಲಿ ನಿಂತು ಹೇಳಿದ್ದು.

ಮಳೆಗಾಲ ಕಳೆದ ಮೇಲೆ ಅತ್ತಿಕುಪ್ಪೆಯ ಸಂತೆಯಲ್ಲಿ ಆ ವ್ಯಾಪಾರಿ ಸಿಕ್ಕಿದ. ಮಾವನನ್ನು ಆಚೆ ಉಕ್ಕಡದಲ್ಲೇ ಹಿಡಿದಿಟ್ಟಿದ್ದರಂತೆ. ಅವರನ್ನು ಬಿಟ್ಟು ಹೋಗಲು ಮನಸ್ಸಾಗದೆ ತಂಗಿ ಹತ್ತಿರದ ದನದ ಕೊಟ್ಟಿಗೆಯೊಂದರಲ್ಲಿ ಉಳಿದಳು. ಗಂಡ ಬಂದು ಸೇರುವುದರೊಳಗೆ, ತಿಂಗಳು ತುಂಬುವ ಮೊದಲೇ ಅಲ್ಲಿ ಹೆತ್ತಳು. ಗಂಡು ಕೂಸು. ಒಂದು ಹಗಲು ಇತ್ತಂತೆ. ತಂಗಿ ಬದುಕಿಕೊಂಡಳು, ಇನ್ನು ಮಕ್ಕಳಾಗುವುದಿಲ್ಲ ಎಂದು ಸೂಲಗಿತ್ತಿ ಹೇಳಿದಳಂತೆ. ಮಾವನನ್ನು ಎರಡು ತಿಂಗಳಿಗೆ ಬಿಟ್ಟರು, ಉಳಿ ಬಾಚಿ ಎಲ್ಲಾ ಕಸಿದುಕೊಂಡು. ವ್ಯಾಪಾರಿ ಇದನ್ನೆಲ್ಲ ಮೆಣಸಿನ ಧಾರಣೆ ಹೇಳುವ ದನಿಯಲ್ಲೇ ಹೇಳಿದ.

ಅವ್ವನಿಗೆ ಕೂಸಿನ ಸುದ್ದಿ ಮಾತ್ರ ಹೇಳಿದೆ. ಆಮೇಲೆ ಎರಡು ವರ್ಷ ಅವಳು ಬದುಕಿದ್ದಳು. ಕೋಣೆಯ ಕಿಂಡಿಗೆ ತುರುಕಿದ್ದ ಗೋಣಿ ತೆಗೆಯಲು ಬಿಡಲಿಲ್ಲ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಆ ಬಾಗಿಲು ಕೆತ್ತುವವನ ಕೈ ಸೇದಿಹೋಗಲಿ ಎಂದು ಒಂದು ಮಾತು ಹೇಳಿ ಏಳುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಕೇಳುತ್ತಿದ್ದೆ. ಅವ್ವ, ಅದು ನನ್ನ ಕೈ ಎಂದು ಹೇಳಲು ಎರಡು ವರ್ಷದ ಎಲ್ಲಾ ಸಂಜೆಗಳೂ ಇದ್ದವು.

ಅವಳು ಹೋದ ಮೇಲೆ ಮತ್ತೆ ಯುದ್ಧವಾಗಿ ಪಟ್ಟಣ ಬಿತ್ತು. ಸಿಂಧಘಟ್ಟದವರೆಗೂ ಗುಂಡಿನ ಸದ್ದು ಕೇಳುತ್ತದೆ ಎಂದು ಜನ ಹೇಳುತ್ತಿದ್ದರು. ನನಗೇನೂ ಕೇಳಲಿಲ್ಲ. ನಾಲ್ಕಾರು ತಿಂಗಳಲ್ಲಿ ಉಕ್ಕಡಗಳು ಎದ್ದುಹೋದವು ಎಂಬ ಸುದ್ದಿ ಬಂತು. ಎರಡು ಕಡೆಯ ದೊಡ್ಡವರೂ ಈಗ ಪಟ್ಟಣ ಗೆದ್ದ ಒಬ್ಬರನ್ನೇ ನಂಬಿದವರು, ಯಾರನ್ನು ಯಾರಿಗೆ ಒಪ್ಪಿಸುವುದು? ಹೋಗದಿರಲು ನನಗೆ ಇನ್ನು ಯಾವ ನೆಪವೂ ಉಳಿಯಲಿಲ್ಲ.

ಹೊಳೆಯಲ್ಲಿ ಚಪ್ಪರವಿರಲಿಲ್ಲ. ಯಾರೋ ಹುಲ್ಲನ್ನು ದನಕ್ಕೆ ಒಯ್ದಿದ್ದರು. ಹಗ್ಗ ಕಟ್ಟಿದ್ದ ಎರಡು ಗೂಟ ನಿಂತಿದ್ದವು. ನಾನು ನಡುವೆ ನಡೆದು ಆಚೆ ಹೋದೆ, ಯಾರೂ ಏನೂ ಕೇಳಲಿಲ್ಲ.

ತಂಗಿಯ ಮನೆಯ ಬಾಗಿಲು ಹಳೆಯದು, ಕೆತ್ತನೆಯದು, ಮನೆ ಮಾತ್ರ ಅದಕ್ಕೆ ತಕ್ಕದ್ದಾಗಿ ಉಳಿದಿರಲಿಲ್ಲ. ತಂಗಿಯ ಗಂಡ ಕಾಡಿನಿಂದ ದಿಮ್ಮಿ ಎಳೆಯುವ ಕೂಲಿಗೆ ಹೋಗಿದ್ದ. ಮಾವ ಜಗುಲಿಯ ಮೇಲೆ ಬಿದಿರು ಸೀಳುತ್ತಿದ್ದರು, ಬುಟ್ಟಿಗೆ. ಬಿಲ್ಲೆ ಕೆಡಿಸಿದವನ ಕೈಯಿಂದ ಬಾಗಿಲು ಮಾಡಿಸಿದರೆ ಮನೆಗೆ ಆಗುವುದಿಲ್ಲ ಎಂದು ಆ ಸೀಮೆಯಲ್ಲಿ ಮಾತು ಹುಟ್ಟಿತ್ತು. ನನ್ನನ್ನು ನೋಡಿ ಎದ್ದರು. ಕಾಲಿಗೆ ನೀರು ಕೊಡಿಸಿದರು. ಅವ್ವ ಹೋದಳೆಂದು ಕೇಳಿ, ಒಳ್ಳೆಯ ಹೆಂಗಸು, ಬಂದಾಗೆಲ್ಲ ಮಜ್ಜಿಗೆ ಕೊಡದೆ ಕಳಿಸುತ್ತಿರಲಿಲ್ಲ ಎಂದು ಕಣ್ಣೊರೆಸಿಕೊಂಡರು. ಬಿಲ್ಲೆಯ ಮಾತೇ ಎತ್ತಲಿಲ್ಲ.

ಎರಡು ದಿನ ಇದ್ದೆ. ಹೇಳಬೇಕೆಂದು ಬಾಯಿ ತೆರೆದಾಗೆಲ್ಲ ಮಳೆ, ಬೆಳೆ, ಎತ್ತು ಎಂದು ಬೇರೇನೋ ಬರುತ್ತಿತ್ತು. ತಂಗಿ ನನ್ನೊಡನೆ ಮಾತಾಡುತ್ತಿದ್ದಳು, ಊರಿನ ಎಲ್ಲರ ಕ್ಷೇಮ ಕೇಳುತ್ತಿದ್ದಳು. ಮೂವತ್ತಾಗದವಳ ಮುಂದಲೆ ನರೆತಿತ್ತು. ಮೂರನೆಯ ದಿನ ಬೆಳಿಗ್ಗೆ ನಾನು ಹೊರಡುವವನು, ಒಳಗೆ ಊಟಕ್ಕೆ ಕೂತಿದ್ದೆ. ಮುದ್ದೆಯ ಮೇಲೆ ಸಾರು ಬಿಡುತ್ತಾ ಅವಳು ಕೇಳಿದಳು.

“ಅವ್ವಂಗೆ ಏನಂತ ಯೋಳ್ದೆ, ಅಣ್ಣಯ್ಯ?”

ಸುಳ್ಳು ಹೇಳಲು ಆಗಲಿಲ್ಲ. “ನಿಮ್ಮೋರು ಕೆಡಿಸುದ್ರು ಅಂತ” ಎಂದೆ.

ಅವಳು ಸೌಟನ್ನು ಪಾತ್ರೆಗೆ ಇಟ್ಟಳು.

“ಅಂಗಾರೆ ಅವ್ವ ನಮ್ ಮಾವಂಗೆ ಸಾಪ ಆಕ್ಕಂಡೇ ಓದ್ಲು.”

ನಾನು ಮುದ್ದೆ ಮುರಿಯುತ್ತಲೇ ಇದ್ದೆ.

“ನಾನು ನಮ್ ಮಾವಂಗೆ ಇವತ್ಗೂ ಯೋಳಿಲ್ಲ. ಅವತ್ತು ಯೋಳಿದ್ರೆ ನಿನ್ ಕೈ ಓಯ್ತಿತ್ತು. ಆಮ್ಯಾಕೆ ಯೋಳಿ ಏನ್ ಬಂತು. ನೀನಾಗೇ ಬತ್ತೀಯ ಅಂತ ಒಂದ್ ವರ್ಸ ಕಾದೆ. ಆಮೇಲ್ ಕಾಯದು ಬುಟ್ಬುಟ್ಟೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಏನೂ ಇರಲಿಲ್ಲ. ಮತ್ತೆ ಸೌಟು ಎತ್ತಿಕೊಂಡು, ಸಾರು ಇನ್ನೊಂದು ಚೂರು ಬಿಡಲೇ ಎಂದು ಕೇಳಿದಳು.

ನಾನು ಊಟ ಬಿಟ್ಟು ಎದ್ದೆ. ಎಂಜಲು ಕೈಯಲ್ಲೇ ಜಗುಲಿಗೆ ಬಂದೆ. ಮಾವ ಬಿದಿರು ಸೀಳುತ್ತಲೇ ಇದ್ದರು. ತಂಗಿ ಸೌಟು ಹಿಡಿದೇ ನನ್ನ ಹಿಂದೆ ಹೊಸ್ತಿಲವರೆಗೆ ಬಂದಳು. ಬೀದಿಯಲ್ಲಿ ಇಬ್ಬರು ಮೂವರು ಹೆಂಗಸರು ನೀರಿಗೆ ಹೋಗುತ್ತಿದ್ದರು, ಎದುರು ಮನೆಯ ಜಗುಲಿಯಲ್ಲಿ ಗಂಡಸರು ಕೂತಿದ್ದರು. ಹೇಳಿದರೆ ಅವರಿಗೂ ಕೇಳಬೇಕು ಎಂದು ಗಟ್ಟಿಯಾಗಿ ಹೇಳಿದೆ. ಇದರಿಂದ ಅವರ ಕೈಗೆ ಉಳಿ ಮತ್ತೆ ಬರುವುದಿಲ್ಲ, ಕೂಸೂ ಬರುವುದಿಲ್ಲ, ಅವ್ವನ ಬಾಯಿಂದ ಬಂದದ್ದನ್ನು ಹಿಂದಕ್ಕೆ ಕರೆಯುವವರೂ ಇಲ್ಲ ಎಂದು ಹೇಳುವಾಗಲೇ ಗೊತ್ತಿತ್ತು.

“ಮಾವಯ್ಯ, ಬಿಲ್ಲೆಗೆ ಅರ ಆಕ್ದೋನು ನಾನು. ನೀವಲ್ಲ. ಉಕ್ಕಡದಲ್ಲಿ ಕೇಳ್ದಾಗ ಸುಳ್ಳು ಯೋಳ್ಬುಟ್ಟು ನಿಮ್ ತಲೆ ಮ್ಯಾಲೆ ಆಕ್ದೆ. ನಮ್ಮವ್ವನ ಕೈಲೂ ನಿಮ್ಮನ್ನ ಬೈಸ್ದೆ. ತಪ್ಪಾಯ್ತು ಮಾವಯ್ಯ. ತಪ್ಪಾಯ್ತು ಕಣವ್ವ.”